ಜುಲೈ ನೀರನ್ನು ಏಪ್ರಿಲ್‌ವರೆಗೆ ಉಳಿಸಿಕೊಳ್ಳುವುದು ಹೇಗೆ? ತೋಟ, ಹೊಲ ಇರುವವರಿಗೆ ಒಂದು ಮಾರ್ಗದರ್ಶಿ

ಜುಲೈನಲ್ಲಿ ನಮ್ಮ ಬಾವಿಗೆ ಹಗ್ಗವೇ ಬೇಡ. ಬಗ್ಗಿ ಚೊಂಬು ಅದ್ದಿದರೆ ನೀರು ಸಿಗುತ್ತದೆ. ಅದೇ ಬಾವಿಗೆ ಏಪ್ರಿಲ್‌ನಲ್ಲಿ ಇಣುಕಿದರೆ ತಳದ ಕಲ್ಲು ಕಾಣುತ್ತದೆ, ಪಂಪ್ ಹಾಕಿದ ಇಪ್ಪತ್ತು ನಿಮಿಷಕ್ಕೆ ಗಾಳಿ ಎಳೆಯುವ ಸದ್ದು ಕೇಳುತ್ತದೆ. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಶಿಕಾರಿಪುರದ ಕಡೆ ಇಳಿದರೆ ಅದರ ಕಾಲುಭಾಗವೂ ಇಲ್ಲ. ಆದರೆ ಬೇಸಿಗೆಯಲ್ಲಿ ಎರಡೂ ಕಡೆಯ ರೈತರು ನೋಡುವುದು ಒಂದೇ ಒಣಗಿದ ಹಳ್ಳವನ್ನು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು. ಮಲೆನಾಡು ಅಂದ ಮಾತ್ರಕ್ಕೆ ನೀರಿಗೆ ಬರ ಇಲ್ಲ ಅನ್ನುವ ಕಾಲ ಹೋಯಿತು.

ನಾನು ಅಡಿಕೆ ತೋಟ ಮಾಡುವವನು. ನಮ್ಮ ಭಾವ ಶಿಕಾರಿಪುರದ ಕಡೆ ಮೆಕ್ಕೆಜೋಳ ಬೆಳೆಯುತ್ತಾರೆ. ಇಬ್ಬರೂ ಕೆಲವು ವರ್ಷಗಳಿಂದ ನೀರು ಹಿಡಿಯುವ ಕೆಲಸ ಮಾಡುತ್ತಿದ್ದೇವೆ, ಕೆಲವು ಕಡೆ ದುಡ್ಡು ಕಳೆದುಕೊಂಡಿದ್ದೇವೆ. ಅದರಲ್ಲಿ ಒಂದು ವಿಷಯ ಚೆನ್ನಾಗಿ ಅರ್ಥವಾಗಿದೆ. ಅಡಿಕೆಗೆ ಬೇಕಾದ ನೀರನ್ನು ಮಣ್ಣಿನೊಳಗೆ ಇಡಬೇಕು, ಜೋಳಕ್ಕೆ ಬೇಕಾದ ನೀರನ್ನು ಹೊಂಡದಲ್ಲಿ ಇಟ್ಟರೂ ನಡೆಯುತ್ತದೆ. ಇದನ್ನು ತಿಳಿಯದೆ ಎಲ್ಲರೂ ಮೊದಲು ಜೆಸಿಬಿ ಕರೆಸಿ ಹೊಂಡ ತೋಡಿಸುತ್ತಾರೆ. ಯಾಕೆ ಹಾಗೆ ಹೇಳುತ್ತೇನೆ ಅನ್ನುವುದು ಮುಂದೆ ಲೆಕ್ಕ ಹಾಕುವಾಗ ಗೊತ್ತಾಗುತ್ತದೆ.

ಮೊದಲು ಮಳೆಯಲ್ಲಿ ಒಂದು ಸುತ್ತು ನಡೆಯಿರಿ

ಗುದ್ದಲಿ ಹಿಡಿಯುವ ಮೊದಲು ಒಂದು ಮಳೆಗಾಲ ನೋಡಿ. ಪೂರ್ತಿ ಮಳೆಗಾಲ ಆಗದಿದ್ದರೆ ಆರಿದ್ರಾ, ಪುನರ್ವಸು ಮಳೆಯಲ್ಲಿ ಎರಡು ದಿನವಾದರೂ ಸಾಕು. ಜೋರು ಮಳೆ ಬರುವಾಗಲೇ ಕೊಡೆ ಹಿಡಿದು ಹೊರಡಿ, ಮಳೆ ನಿಂತ ಮೇಲೆ ಹೋದರೆ ನೋಡಬೇಕಾದ್ದು ಅರ್ಧ ಹೋಗಿರುತ್ತದೆ. ನಿಮ್ಮ ಜಾಗದ ತುದಿಯಿಂದ ಶುರುಮಾಡಿ ಕೆಳಗೆ ಇಳಿಯಿರಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಹರಡಿಕೊಂಡು ಹೋಗುತ್ತದೆ, ಎಲ್ಲಿ ಒಟ್ಟಾಗಿ ಕೊರೆಯುತ್ತದೆ, ಎಲ್ಲಿ ನೀರು ತಿಳಿ ಇದೆ, ಎಲ್ಲಿ ಕೆಂಪಾಗಿದೆ, ಇಷ್ಟನ್ನು ನೋಡಿ. ಒಂದೊಂದು ಕಡೆ ಒಂದೊಂದು ಗೂಟ ಹೊಡೆದು ಬನ್ನಿ.

ನಮ್ಮಲ್ಲಿ ಹಾಗೆ ನಡೆದಾಗ ಗೊತ್ತಾದದ್ದು: ತೋಟಕ್ಕೆ ನುಗ್ಗುತ್ತಿದ್ದ ಕೆನ್ನೀರು ಮೇಲಿನ ಹಕ್ಕಲಿನದ್ದೇ (ತೋಟದ ಮೇಲಿನ ಪಾಳು ಗುಡ್ಡದ್ದೇ) ಅಲ್ಲ. ಮನೆಗೆ ಬರುವ ಮಣ್ಣು ರಸ್ತೆ ಇದೆಯಲ್ಲ, ಅದರ ಎರಡು ಚಕ್ರದ ಜಾಡಿನಲ್ಲಿ ಹರಿದು ಬರುತ್ತಿತ್ತು. ಹತ್ತು ವರ್ಷ ಅದೇ ರಸ್ತೆಯಲ್ಲಿ ಓಡಾಡಿದ್ದರೂ ಮಳೆಯಲ್ಲಿ ನಿಂತು ನೋಡಿರಲಿಲ್ಲ. ರಸ್ತೆಗೆ ಅಡ್ಡಲಾಗಿ ಓರೆಯಾಗಿ ಮೂರು ಕಡೆ ಸಣ್ಣ ಉಬ್ಬು ಮಾಡಿ ನೀರನ್ನು ಪಕ್ಕದ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ತಿರುಗಿಸಿದೆವು. ಅರ್ಧ ದಿನದ ಕೆಲಸ, ಖರ್ಚು ಏನೂ ಇಲ್ಲ. ತೋಟದ ಕಾದಿಗೆಯಲ್ಲಿ (ಬಸಿಗಾಲುವೆಯಲ್ಲಿ) ತುಂಬುತ್ತಿದ್ದ ಮಣ್ಣು ಅದೇ ವರ್ಷ ಕಮ್ಮಿ ಆಯಿತು.

ಆಮೇಲೆ ಲೆಕ್ಕ

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4047 ಚದರ ಮೀಟರ್. ಹಾಗಾಗಿ 25 ಮಿಲಿಮೀಟರ್, ಅಂದರೆ ಒಂದು ಇಂಚು ಮಳೆಗೆ ಒಂದು ಎಕರೆಯಲ್ಲಿ ಒಂದು ಲಕ್ಷ ಲೀಟರ್ ಬಿದ್ದಂತಾಯಿತು. ಅದರಲ್ಲಿ ಮೂರನೇ ಒಂದು ಭಾಗ ಓಡಿ ಹೋದರೂ 33 ಸಾವಿರ ಲೀಟರ್. ನಮ್ಮ ಕಡೆ ಒಂದು ಇಂಚು ಮಳೆಗೆ ಒಂದು ಮಧ್ಯಾಹ್ನ ಸಾಕು, ಅಲ್ವಾ?

ಈಗ ಬೇಕಾಗುವ ನೀರು ಎಷ್ಟು ನೋಡೋಣ. ಫಸಲು ಬರುವ ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ 550 ಮರ ಅಂತ ಇಟ್ಟುಕೊಳ್ಳಿ, ದಿನಕ್ಕೆ ಹತ್ತು ಸಾವಿರ ಲೀಟರ್ ಆಯಿತು. ನಾಲ್ಕು ತಿಂಗಳಿಗೆ 12 ಲಕ್ಷ ಲೀಟರ್.

ಹೊಂಡ ಎಷ್ಟು ಹಿಡಿಯುತ್ತದೆ? ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ, ಬದಿಗಳು ಓರೆ. ಇಂಥ ಹೊಂಡದಲ್ಲಿ ತುಂಬಿದರೆ ಎರಡೂವರೆ ಲಕ್ಷ ಲೀಟರ್. ಒಂದು ಎಕರೆ ಅಡಿಕೆಗೆ 25 ದಿನ. ಅದರಲ್ಲೂ ಬೇಸಿಗೆ ಬಿಸಿಲಿಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಅಂದರೆ, ಜನವರಿಯಿಂದ ಏಪ್ರಿಲ್ ಕೊನೆಯವರೆಗೆ ಎರಡು ಅಡಿ ನೀರನ್ನು ಬಿಸಿಲೇ ಕುಡಿದಿರುತ್ತದೆ. ಉಳಿಯುವುದು ಒಂದೂಮುಕ್ಕಾಲು ಲಕ್ಷದ ಆಸುಪಾಸು.

ಇನ್ನೊಂದು ಕಡೆ ನೋಡಿ. ಹತ್ತು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಒಂದು ಇಂಗುಗುಂಡಿಗೆ 1100 ಲೀಟರ್ ಹಿಡಿಯುತ್ತದೆ. ಇಂಥವು ಇಪ್ಪತ್ತು ತೆಗೆದರೆ ಒಂದು ಸಲ ತುಂಬಿದಾಗ 22 ಸಾವಿರ. ಇದು ಜುಜುಬಿ ಅನ್ನಿಸಬಹುದು. ಆದರೆ ಗುಂಡಿ ತುಂಬುತ್ತದೆ, ಇಂಗುತ್ತದೆ, ಮತ್ತೆ ತುಂಬುತ್ತದೆ. ಮಳೆಗಾಲದಲ್ಲಿ ಇಪ್ಪತ್ತು ಸಲ ತುಂಬಿ ಇಂಗಿದರೆ ನಾಲ್ಕೂವರೆ ಲಕ್ಷ ಲೀಟರ್ ಭೂಮಿಗೆ ಹೋಯಿತು. ಅದಷ್ಟೂ ನಿಮ್ಮ ಬಾವಿಗೇ ಬರುತ್ತದೆ ಅಂತ ಹೇಳುವುದಿಲ್ಲ. ಒಂದಿಷ್ಟು ಪಕ್ಕದ ಮನೆಯವರ ಬಾವಿಗೆ, ಒಂದಿಷ್ಟು ಕೆಳಗಿನ ಹಳ್ಳಕ್ಕೆ ಹೋಗುತ್ತದೆ. ಹೋಗಲಿ, ಊರಿನಲ್ಲೇ ಉಳಿಯಿತಲ್ಲ. ಭೂಮಿಯೊಳಗೆ ಇರುವ ನೀರನ್ನು ಬಿಸಿಲು ಹಾಗೆ ಕುಡಿಯುವುದಿಲ್ಲ, ಅದಕ್ಕೆ ಪ್ಲಾಸ್ಟಿಕ್ ಹಾಳೆಯೂ ಬೇಡ.

ಮಣ್ಣು ನೀರು ಕುಡಿಯುತ್ತದೋ ಇಲ್ಲವೋ

ಎಲ್ಲಾ ಮಣ್ಣಿಗೂ ಇಂಗುಗುಂಡಿ ಆಗಿಬರುವುದಿಲ್ಲ. ಪರೀಕ್ಷೆ ಮಾಡುವುದು ಹೀಗೆ. ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ನೀರು ತುಂಬಿ, ಪೂರ್ತಿ ಇಂಗಲು ಬಿಡಿ. ಒಣ ಮಣ್ಣು ಮೊದಲ ಸಲ ಗಬಗಬ ಕುಡಿಯುತ್ತದೆ, ಅದನ್ನು ನಂಬಬೇಡಿ. ಎರಡನೇ ಸಲ ತುಂಬಿ, ಒಂದು ಕೋಲು ನೆಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿ. ಒಂದು ಗಂಟೆ ಬಿಟ್ಟು ನೋಡಿ. ಅಂಗೈಯಷ್ಟು ಇಳಿದಿದ್ದರೆ ಒಳ್ಳೆಯ ಮಣ್ಣು, ಇಂಗುಗುಂಡಿ ತೆಗೆಯಬಹುದು. ನಮ್ಮ ಕಡೆಯ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಮಣ್ಣಿನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿಯೇ ಇಳಿಯುತ್ತದೆ. ಒಂದು ಇಂಚೂ ಇಳಿಯದಿದ್ದರೆ ಅದು ಜೇಡಿ. ಅಲ್ಲಿ ಇಂಗುಗುಂಡಿ ದಂಡ, ಹೊಂಡ ತೋಡಿದರೆ ಮಾತ್ರ ನೀರು ನಿಲ್ಲುತ್ತದೆ. ಭಾವನ ಹೊಲದ ಕೆಳಗಿನ ಮೂಲೆಯಲ್ಲಿ ಹೀಗೇ ಇತ್ತು, ಅಲ್ಲಿ ಹಾಳೆ ಹಾಸದೆಯೇ ಹೊಂಡದಲ್ಲಿ ನೀರು ನಿಂತಿದೆ.

ಎಲ್ಲಿ ತೋಡಬಾರದು

ಈ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಚಿಕ್ಕಮಗಳೂರಿನ ಮೂಡಿಗೆರೆ ಕಡೆ ಗುಡ್ಡಗಳು ಜಾರಿದ್ದನ್ನು ನಾವೆಲ್ಲ ನೋಡಿದ್ದೇವೆ. ಮಣ್ಣು ತಡೆದುಕೊಳ್ಳುವುದಕ್ಕಿಂತ ಜಾಸ್ತಿ ನೀರು ಒಳಗೆ ಸೇರಿದರೆ ಇಳಿಜಾರು ತನ್ನ ಭಾರಕ್ಕೇ ಕುಸಿಯುತ್ತದೆ. ನೀರು ಇಂಗಿಸುವುದು ಒಳ್ಳೆಯದು ಅಂತ ಕಂಡಕಂಡಲ್ಲಿ ಗುಂಡಿ ತೆಗೆದರೆ ಆ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಮನೆಯ ಹಿಂದೆ ಧರೆ (ಕಡಿದಾದ ಮಣ್ಣಿನ ದಂಡೆ) ಇದ್ದರೆ ಅದರ ಮೇಲ್ಭಾಗದಲ್ಲಿ ಇಂಗುಗುಂಡಿ ಬೇಡವೇ ಬೇಡ. ಕೊಟ್ಟಿಗೆ, ರಸ್ತೆ, ಪಕ್ಕದವರ ಮನೆ, ಯಾವುದರ ಮೇಲಿನ ಧರೆಯಾದರೂ ಅಷ್ಟೇ. ಅಲ್ಲಿ ನೀರನ್ನು ಇಂಗಿಸದೆ, ಸಣ್ಣ ಕಾಲುವೆ ಮಾಡಿ ಪಕ್ಕಕ್ಕೆ ಸಾಗಿಸಬೇಕು. ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಜಾಗದಲ್ಲೂ ತೋಡಬೇಡಿ. ಅಲ್ಲಿ ಮರ, ಪೊದೆ, ಹುಲ್ಲು ಹಾಗೇ ಇರಲಿ, ದರಕು (ಉದುರಿದ ಒಣ ಎಲೆ) ಗುಡಿಸದೆ ಬಿಡಿ, ಅಷ್ಟೇ ಸಾಕು. ನೆಲದಲ್ಲಿ ಉದ್ದದ ಬಿರುಕು, ಒಂದೇ ಕಡೆ ವಾಲಿದ ಮರಗಳು, ಹಿಂದಿನ ವರ್ಷ ಇಲ್ಲದ ಕಡೆ ಹೊಸದಾಗಿ ಒರತೆ ಎದ್ದಿರುವುದು, ಇವು ಕಂಡರೆ ಆ ಗುಡ್ಡದ ತಂಟೆಗೆ ಹೋಗಬೇಡಿ. ಮೇಲಿರುವ ಗುಂಡಿಗಳನ್ನೂ ಮುಚ್ಚಿ.

ಸೊಪ್ಪಿನ ಬೆಟ್ಟ ಇರುವವರಿಗೆ ಇನ್ನೊಂದು ಮಾತು. ಬೆಟ್ಟದಲ್ಲಿ ಸೊಪ್ಪು ತರುವ ಹಕ್ಕಿದೆ ಅಂತ ಯಂತ್ರ ನುಗ್ಗಿಸಿ ಅಗೆಯಲು ಆಗುವುದಿಲ್ಲ. ಕೈಯಲ್ಲಿ ಸಣ್ಣ ಕೆಲಸ ಮಾಡುವುದಾದರೂ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಮಾಡಿ.

ಹಕ್ಕಲಿನಲ್ಲಿ ಇಂಗುಗುಂಡಿ

ಕೆಲಸ ಯಾವಾಗಲೂ ಮೇಲಿನಿಂದ ಕೆಳಗೆ. ತುದಿಯಲ್ಲಿ ನೀರು ಇನ್ನೂ ಸಣ್ಣ ಎಳೆಯಾಗಿರುವಾಗಲೇ ಹಿಡಿದರೆ ಕೆಳಗೆ ಅದು ಹಳ್ಳವಾಗಿ ನುಗ್ಗುವುದಿಲ್ಲ.

ಗುಂಡಿಗಳು ಒಂದೇ ಮಟ್ಟದ ಗೆರೆಯಲ್ಲಿ ಬರಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ, ಗಾರೆ ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪು ಸಾಕು. ಮೂವತ್ತು ಅಡಿಯ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗುಳ್ಳೆ ಇಲ್ಲದ ಹಾಗೆ ನೋಡಿಕೊಳ್ಳಿ. ಎರಡು ತುದಿಯನ್ನು ಒಂದೇ ಎತ್ತರದ ಎರಡು ಕೋಲಿಗೆ ಕಟ್ಟಿ. ಒಬ್ಬರು ಮೊದಲ ಗೂಟದ ಹತ್ತಿರ ಕೋಲು ನಿಲ್ಲಿಸಿಕೊಂಡಿರಬೇಕು. ಇನ್ನೊಬ್ಬರು ಇಪ್ಪತ್ತು ಅಡಿ ದೂರ ಹೋಗಿ ತಮ್ಮ ಕೋಲನ್ನು ಗುಡ್ಡದಲ್ಲಿ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸುತ್ತಾ ಹೋಗಬೇಕು. ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ನಿಂತಾಗ ಅಲ್ಲೊಂದು ಗೂಟ. ಹೀಗೇ ಮುಂದುವರಿದರೆ ಗೂಟಗಳ ಸಾಲು ಗುಡ್ಡದ ಮೈಗೆ ತಕ್ಕಂತೆ ಹಾವಿನ ಹಾಗೆ ಬಾಗುತ್ತಾ ಹೋಗುತ್ತದೆ. ನೋಡಲು ಚೆಂದ ಇರಲಿ ಅಂತ ಅದನ್ನು ನೇರ ಮಾಡಬೇಡಿ. ನೇರ ಮಾಡಿದರೆ ನೀರೆಲ್ಲ ಒಂದು ತುದಿಗೆ ಓಡಿ ಅಲ್ಲೇ ಒಡೆದುಕೊಂಡು ಹೋಗುತ್ತದೆ.

ಗೆರೆಯ ಉದ್ದಕ್ಕೂ ಹತ್ತು ಅಡಿ ಗುಂಡಿ, ಮಧ್ಯೆ ಐದಾರು ಅಡಿ ಹಾಗೇ ಬಿಡಿ, ಮತ್ತೆ ಹತ್ತು ಅಡಿ ಗುಂಡಿ. ಇಪ್ಪತ್ತೈದು ಮೂವತ್ತು ಅಡಿ ಕೆಳಗೆ ಎರಡನೇ ಸಾಲು, ಅಲ್ಲಿ ಮೇಲಿನ ಸಾಲಿನ ಖಾಲಿ ಜಾಗದ ನೇರಕ್ಕೆ ಗುಂಡಿ ಬರುವಂತೆ. ತೆಗೆದ ಮಣ್ಣನ್ನು ಕೆಳಬದಿಗೆ, ಗುಂಡಿಯ ಅಂಚಿನಿಂದ ಒಂದು ಅಡಿ ಬಿಟ್ಟು ಹಾಕಿ. ಅಂಚಿಗೇ ಹಾಕಿದರೆ ಮೊದಲ ಮಳೆಗೆ ಮಣ್ಣೆಲ್ಲ ಗುಂಡಿಗೇ ವಾಪಸ್. ಆ ದಿಬ್ಬದ ಮೇಲೆ ಲಾವಂಚ ನೆಡಿ. ಅದರ ಬೇರು ನೇರ ಕೆಳಗೆ ಇಳಿದು ಮಣ್ಣು ಹಿಡಿದುಕೊಳ್ಳುತ್ತದೆ.

ಕೆಲಸಕ್ಕೆ ಒಳ್ಳೆಯ ಸಮಯ ಅಂದರೆ ಏಪ್ರಿಲ್, ಮೇನಲ್ಲಿ ಒಂದೆರಡು ಅಡ್ಡಮಳೆ ಬಿದ್ದು ನೆಲ ಹದವಾದಾಗ. ಒಣ ಜಂಬಿಟ್ಟಿಗೆಗೆ ಪಿಕಾಸಿ ಹೊಡೆದರೆ ಕಿಡಿ ಹಾರುತ್ತದೆ, ಆಳುಗಳಿಗೂ ಕಷ್ಟ. ಪ್ರತಿ ವರ್ಷ ಮಳೆಗಾಲದ ಮೊದಲು ಗುಂಡಿಯ ತಳದ ಹೂಳು ತೆಗೆಯಬೇಕು, ಇಲ್ಲದಿದ್ದರೆ ಮೂರನೇ ವರ್ಷಕ್ಕೆ ತಳ ಗಟ್ಟಿಯಾಗಿ ನೀರು ಇಂಗುವುದೇ ಇಲ್ಲ. ಆ ಹೂಳು ಒಳ್ಳೆಯ ಗೊಬ್ಬರ, ತೆಂಗಿನ ಬುಡಕ್ಕೆ ಹಾಕಿ.

ತೋಟದ ಒಳಗೆ ಮಳೆಗಾಲದಲ್ಲಿ ನೀರು ನಿಲ್ಲಿಸಬಾರದು. ಅಡಿಕೆಯ ಬೇರು ಜವುಳಿನಲ್ಲಿ ಉಸಿರಾಡುವುದಿಲ್ಲ, ಕಾದಿಗೆ ಚೊಕ್ಕಟವಾಗಿಯೇ ಇರಬೇಕು. ಒಳಗೆ ಮಾಡಬೇಕಾದದ್ದು ಮಳೆ ಹೋದ ಮೇಲಿನ ಕೆಲಸ. ನವೆಂಬರ್‌ನಲ್ಲಿ ನೆಲದಲ್ಲಿ ತೇವ ಇರುವಾಗಲೇ ಸೋಗೆ, ಸೊಪ್ಪು, ದರಕು ಬುಡಕ್ಕೆ ಹಾಸಿ ಮುಚ್ಚಿಬಿಡಿ. ಒಣಗಿದ ಮೇಲೆ ಮುಚ್ಚಿದರೆ ಪ್ರಯೋಜನ ಕಮ್ಮಿ.

ಹಳ್ಳಕ್ಕೆ ಕಟ್ಟ

ನಮ್ಮ ಹಿರಿಯರು ಪ್ರತಿ ವರ್ಷ ಮಾಡುತ್ತಿದ್ದ ಕೆಲಸ ಇದು. ಮಳೆ ಮುಗಿದ ಮೇಲೆ ಹಳ್ಳಕ್ಕೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ದಬ್ಬೆ ಹಾಕಿ ಒಡ್ಡು ಕಟ್ಟುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಬಿಟ್ಟುಹೋಯಿತು. ಈಗ ಕೆಲವು ಕಡೆ ಮತ್ತೆ ಶುರುವಾಗಿದೆ, ಕಲ್ಲಿನ ಬದಲು ಸಿಮೆಂಟ್ ಚೀಲದಲ್ಲಿ ಮರಳು ತುಂಬಿ ಕಟ್ಟುತ್ತಾರೆ.

ದಡಗಳು ಹತ್ತಿರ ಇರುವ, ತಳ ಗಟ್ಟಿ ಇರುವ ಜಾಗ ಹುಡುಕಿ. ಎತ್ತರ ಮೂರು ಅಡಿ ಸಾಕು. ಮೂರು ಅಡಿ ಎತ್ತರಕ್ಕೆ ಬುಡದಲ್ಲಿ ಕನಿಷ್ಠ ಆರು ಅಡಿ ಅಗಲ ಇರಲಿ, ಮೇಲೆ ಹೋದಂತೆ ಕಿರಿದಾಗಲಿ. ಚೀಲವನ್ನು ಮುಕ್ಕಾಲಿಗಿಂತ ಕಮ್ಮಿಯೇ ತುಂಬಿ. ಗಿಡಿದು ತುಂಬಿದ ಚೀಲ ಉರುಟಾಗಿ ಉರುಳುತ್ತದೆ, ಸಡಿಲ ಇದ್ದರೆ ಒಂದರ ಮೇಲೊಂದು ಒತ್ತಿ ಕೂರುತ್ತದೆ. ಇಟ್ಟಿಗೆ ಕಟ್ಟುವ ಹಾಗೆ ಸಂದಿನ ಮೇಲೆ ಚೀಲ ಬರಬೇಕು. ನೀರು ಬರುವ ಬದಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಕೆಳ ಅಂಚನ್ನು ಹಳ್ಳದ ತಳದಲ್ಲಿ ಒಂದು ಅಡಿ ಹುಗಿದು ಮೇಲೆ ಕಲ್ಲು ಹೇರಿ. ಮಧ್ಯಭಾಗ ಅಂಚಿಗಿಂತ ಅರ್ಧ ಅಡಿ ತಗ್ಗಾಗಿರಲಿ, ತುಂಬಿದ ನೀರು ಅಲ್ಲಿಂದಲೇ ದುಮುಕಬೇಕು, ದಡ ಕೊರೆಯಬಾರದು. ದುಮುಕುವ ಜಾಗಕ್ಕೆ ಚಪ್ಪಡಿ ಕಲ್ಲು ಹಾಸಿ.

ಯಾವಾಗ ಕಟ್ಟಬೇಕು ಅನ್ನುವುದೇ ಇದರ ಜೀವಾಳ. ಸ್ವಾತಿ ಮಳೆ ಮುಗಿಯುವ ಮೊದಲು ಬೇಡ, ಒಂದು ಜೋರು ಮಳೆಗೆ ಎಲ್ಲಾ ಹೋಗುತ್ತದೆ. ಡಿಸೆಂಬರ್ ದಾಟಿದರೆ ಹಳ್ಳದಲ್ಲಿ ಹಿಡಿಯಲು ನೀರೇ ಇರುವುದಿಲ್ಲ. ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ ಮೊದಲ ವಾರದ ಒಳಗೆ ಮುಗಿಸಿ. ರೋಹಿಣಿ ಮಳೆ ಹಿಡಿಯುವ ಮೊದಲು, ಮೇ ಮೂರನೇ ವಾರದಲ್ಲಿ ಬಿಚ್ಚಿ ಚೀಲ, ಹಾಳೆ ಎತ್ತಿಡಿ. ಬಿಚ್ಚದೆ ಬಿಟ್ಟರೆ ಹಳ್ಳ ಪಕ್ಕದ ಗದ್ದೆಗೆ ನುಗ್ಗುತ್ತದೆ, ಪ್ಲಾಸ್ಟಿಕ್ ಹೊಳೆ ಸೇರುತ್ತದೆ.

ಕಟ್ಟುವ ಮೊದಲು ಕೆಳಗಿನವರ ಹತ್ತಿರ ಮಾತಾಡಿ. ಒಂದೇ ದೊಡ್ಡ ಕಟ್ಟಕ್ಕಿಂತ ಫರ್ಲಾಂಗಿಗೆ ಒಂದರಂತೆ ಸಣ್ಣ ಸಣ್ಣ ನಾಲ್ಕು ಕಟ್ಟಗಳು ಒಳ್ಳೆಯವು, ಎಲ್ಲರ ಬಾವಿಗೂ ನೀರು ಬರುತ್ತದೆ. ಮೇಲಿನವರು ಪೂರ್ತಿ ನಿಲ್ಲಿಸಿಕೊಂಡು ಕೆಳಗಿನವರ ದನಕ್ಕೆ ನೀರಿಲ್ಲದ ಹಾಗಾದರೆ ಆ ಜಗಳ ತಲೆಮಾರು ನಡೆಯುತ್ತದೆ.

ಹೊಂಡ, ಮತ್ತು ಹಳ್ಳದ ನೆರೆ ನೀರು

ಇನ್ನು ಭಾವನ ಕಡೆಗೆ ಬರೋಣ. ಜೂನ್‌ನಲ್ಲಿ ಬಿತ್ತಿದ ಮೆಕ್ಕೆಜೋಳ ಐವತ್ತೈದು ಅರವತ್ತು ದಿನಕ್ಕೆ ಸೂಲಂಗಿ (ತುದಿಯ ಗಂಡು ಹೂವು) ಬಿಡುತ್ತದೆ. ಆ ಹೊತ್ತಿಗೆ, ಆಗಸ್ಟ್‌ನಲ್ಲಿ, ಎರಡು ವಾರ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಅಲ್ಲಿ ಬೇಕಾದದ್ದು ನಾಲ್ಕು ತಿಂಗಳ ನೀರಲ್ಲ, ಒಂದೋ ಎರಡೋ ಸಲದ್ದು. ಒಂದು ಎಕರೆಗೆ 30 ಮಿಲಿಮೀಟರ್ ನೀರು ಕೊಡಲು 1 ಲಕ್ಷ 20 ಸಾವಿರ ಲೀಟರ್ ಸಾಕು. ಅಂದರೆ ಮೇಲೆ ಹೇಳಿದ ಎರಡೂವರೆ ಲಕ್ಷದ ಹೊಂಡ ಒಂದು ಎಕರೆ ಜೋಳಕ್ಕೆ ಎರಡು ಸಲ ನೀರು ಕೊಡುತ್ತದೆ. ಜುಲೈನಲ್ಲಿ ತುಂಬಿದ್ದು ಆಗಸ್ಟ್‌ನಲ್ಲೇ ಖರ್ಚಾಗುವುದರಿಂದ ಆವಿಯಾಗಿ ಹೋಗುವ ಚಿಂತೆಯೂ ಇಲ್ಲ. ಮತ್ತೆ ಮಳೆ ಬಂದರೆ ಮತ್ತೆ ತುಂಬುತ್ತದೆ. ರಾಜ್ಯ ಸರ್ಕಾರ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುಮಾಡಿ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಕೃಷಿ ಹೊಂಡಕ್ಕೆ ಒತ್ತು ಕೊಟ್ಟಿದ್ದು ಇದೇ ಕಾರಣಕ್ಕೆ. ಈಗ ಯಾವ ಯೋಜನೆಯಲ್ಲಿ ಎಷ್ಟು ಸಹಾಯಧನ ಇದೆ ಅನ್ನುವುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ತೋಡಿದ ಮೇಲಲ್ಲ, ತೋಡುವ ಮೊದಲು.

ಭಾವನ ಮೊದಲ ಹೊಂಡ ಕೆಟ್ಟಿದ್ದು ಹೇಗೆ ಅಂತ ಹೇಳಬೇಕು. ತೋಡಿದವರು ಹಳ್ಳದಿಂದ ನೇರ ಕಾಲುವೆ ತಂದು ಹೊಂಡಕ್ಕೆ ಬಿಟ್ಟರು. ಹೆಚ್ಚಾದ ನೀರು ಹೊರಗೆ ಹೋಗಲು ಕೋಡಿ ಅಂತ ಎರಡು ಅಡಿಯ ಒಂದು ಸೀಳು ಬಿಟ್ಟಿದ್ದರು. ಪುನರ್ವಸು ಮಳೆಯ ಒಂದು ರಾತ್ರಿ ಹಳ್ಳ ಏರಿತು. ಬೆಳಿಗ್ಗೆ ಹೋಗಿ ನೋಡಿದರೆ ಏರಿಯ ಒಂದು ಮೂಲೆಯೇ ಇಲ್ಲ, ಕೆಳಗಿನ ಆರು ಸಾಲು ಜೋಳ ನೆಲಕ್ಕೆ ಮಲಗಿತ್ತು. ಹೊಂಡದಲ್ಲಿ ಉಳಿದದ್ದು ಮೊಣಕಾಲು ಮುಳುಗುವಷ್ಟು ಕೆಸರು. ಅಕ್ಕ ಆ ಕೆಸರಿನ ಅಂಚಿನಲ್ಲಿ ನಿಂತು ಏನೂ ಮಾತಾಡದೆ ಸೀರೆ ಸೆರಗು ಹಿಂಡುತ್ತಿದ್ದಳು. ಸಾಲ ಮಾಡಿ ತೋಡಿಸಿದ್ದ ಹೊಂಡ ಅದು.

ಎರಡನೇ ಸಲ ಮಾಡಿದ್ದು ಹೀಗೆ. ಹಳ್ಳದ ನೀರನ್ನು ಎದುರಾಗಿ ಹಿಡಿಯದೆ ಪಕ್ಕದಿಂದ, ಓರೆಯಾಗಿ ಒಂದು ಸಣ್ಣ ಕವಲು ತೆಗೆದರು. ಬಾಯಿಗೆ ಎರಡು ಕಲ್ಲು ಕಂಬ, ಮಧ್ಯೆ ಹಲಗೆ ಇಳಿಸಲು ಕಂಬಗಳಲ್ಲಿ ಸೀಳು. ಹಳ್ಳದ ಮೊದಲ ಕೆನ್ನೀರು ಹೋಗಲು ಬಿಟ್ಟು, ನೀರು ಸ್ವಲ್ಪ ತಿಳಿಯಾದ ಮೇಲೆ ಹಲಗೆ ಎತ್ತುತ್ತಾರೆ, ಹೊಂಡ ತುಂಬಿದ ಮೇಲೆ ಇಳಿಸುತ್ತಾರೆ. ಹೊಂಡಕ್ಕೆ ಸೇರುವ ಮೊದಲು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳದ ಹೂಳುಗುಂಡಿ ಒಂದು. ನೀರು ಅಲ್ಲಿ ನಿಧಾನ ಆಗಿ ಮರಳು, ಮಣ್ಣು ಕೆಳಗೆ ಕೂರುತ್ತದೆ, ಮೇಲಿನ ನೀರು ಮಾತ್ರ ಹೊಂಡಕ್ಕೆ. ಹೂಳುಗುಂಡಿಯನ್ನು ಮಳೆಗಾಲದಲ್ಲಿ ಎರಡು ಸಲ ಖಾಲಿ ಮಾಡಬೇಕು.

ಕೋಡಿಯ ವಿಷಯದಲ್ಲಿ ಜಿಪುಣತನ ಬೇಡ. ಐದು ಎಕರೆ ಜಾಗದ ನೀರು ಹೊಂಡಕ್ಕೆ ಬರುವುದಾದರೆ ಕೋಡಿ ಕನಿಷ್ಠ ಎಂಟು ಅಡಿ ಅಗಲ ಇರಲಿ. ಏರಿಯ ತಲೆ ಕೋಡಿಗಿಂತ ಒಂದೂವರೆ ಅಡಿ ಎತ್ತರ ಇರಬೇಕು. ಕೋಡಿಯನ್ನು ಹೊಸದಾಗಿ ಹಾಕಿದ ಏರಿಯ ಮಣ್ಣಿನಲ್ಲಿ ಕೊರೆಯಬೇಡಿ, ಪಕ್ಕದ ಅಗೆಯದ ಗಟ್ಟಿ ನೆಲದಲ್ಲಿ ಮಾಡಿ ಕಲ್ಲು ಹಾಸಿ. ಏರಿ ಹಾಕುವಾಗ ಮಣ್ಣನ್ನು ಅರ್ಧ ಅಡಿ ದಪ್ಪ ಹರಡಿ, ನೀರು ಚಿಮುಕಿಸಿ, ದಿಮ್ಮಸು ಹಾಕಿ ಬಡಿದು, ಆಮೇಲೆ ಮುಂದಿನ ಪದರ. ಜೆಸಿಬಿಯ ಬಕೆಟ್‌ನಿಂದ ಒಂದೇ ಸಲ ಸುರಿದ ಏರಿ ಗಟ್ಟಿ ಅಲ್ಲ, ನೋಡಲು ಮಾತ್ರ ದಪ್ಪ.

ಹೊಂಡದ ಸುತ್ತ ಬೇಲಿ ಹಾಕಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಮಗುವೋ ಕರುವೋ ಜಾರಿದರೆ ಹತ್ತಿ ಬರಲು ಹಿಡಿತ ಸಿಗುವುದಿಲ್ಲ, ಪಾಚಿ ಕಟ್ಟಿರುತ್ತದೆ. ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಮೇಲಿನ ಕಂಬಕ್ಕೆ ಕಟ್ಟಿ ನೀರಿಗೆ ಇಳಿಬಿಡಿ, ಒಂದು ಗಾಳಿ ತುಂಬಿದ ಟ್ಯೂಬ್ ಪಕ್ಕದಲ್ಲಿರಲಿ. ಇದನ್ನು ಬೇಲಿ ಆಗುವವರೆಗೆ ಮುಂದೂಡಬೇಡಿ, ನೀರು ತುಂಬುವ ಮೊದಲೇ ಆಗಬೇಕು.

ಹೊಂಡ ತೋಡಲು ಆಗದವರಿಗೆ ಮರುಭೂಮಿಯವರಿಂದ ಕಲಿಯುವುದಿದೆ. ರಾಜಸ್ಥಾನದ ಜೈಸಲ್ಮೇರ್ ಕಡೆ ಖಡೀನ್ ಅಂತ ಮಾಡುತ್ತಾರೆ, ಪಾಲೀವಾಲರು ನೂರಾರು ವರ್ಷ ಹಿಂದೆ ಕಂಡುಕೊಂಡ ಪದ್ಧತಿ. ಕಲ್ಲು ಗುಡ್ಡದ ಬುಡದಲ್ಲಿ ಉದ್ದಕ್ಕೆ ಮಣ್ಣಿನ ಒಡ್ಡು ಹಾಕಿ, ಗುಡ್ಡದ ನೀರನ್ನೆಲ್ಲ ತಗ್ಗಿನ ಹೊಲದಲ್ಲಿ ನಿಲ್ಲಿಸಿ ಇಂಗಿಸುತ್ತಾರೆ. ನೀರು ಇಂಗಿದ ಮೇಲೆ ಅದೇ ತೇವದಲ್ಲಿ ಗೋಧಿ, ಕಡಲೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿ ಹಿಂದಿನವರು ಒಂದು ಪಾಲು ಹೊಲಕ್ಕೆ ಇಪ್ಪತ್ತು ಮೂವತ್ತು ಪಾಲು ಗುಡ್ಡದ ನೀರು ತಿರುಗಿಸಿ ಬೇಸಾಯ ಮಾಡಿದ್ದರು. ನಮಗೆ ಅಷ್ಟು ಬೇಡ. ಭಾವ ಹೊಲದ ತೀರಾ ಕೆಳಗಿನ ಅರ್ಧ ಎಕರೆಗೆ ಗಟ್ಟಿ ಬದು ಹಾಕಿ, ಜೋಳ ಮುರಿದ ಮೇಲೆ ಹಸ್ತ, ಚಿತ್ತಾ ಮಳೆಯ ನೀರನ್ನು ಅಲ್ಲಿ ಹರಡಿ, ಕಡಲೆ ಅಥವಾ ಹುರುಳಿ ಬಿತ್ತುತ್ತಾರೆ. ಜೋಳ ನಿಂತಿರುವಾಗ ಮಾತ್ರ ಆ ಬದುವಿನ ಬಾಯಿ ತೆರೆದೇ ಇರಬೇಕು. ಬುಡದಲ್ಲಿ ಎರಡು ದಿನ ನೀರು ನಿಂತರೆ ಜೋಳ ಹಳದಿಯಾಗುತ್ತದೆ.

ಊರಿನ ಕೆರೆ ಮರೆಯಬೇಡಿ. ಸೊರಬ, ಶಿಕಾರಿಪುರ, ಸಾಗರದ ಕಡೆ ಹೆಜ್ಜೆಗೊಂದು ಕೆರೆ ಇದೆ. ಹೂಳು ತೆಗೆಸುವಾಗ ಏರಿಯ ಬುಡಕ್ಕೆ ಯಂತ್ರ ಹೋಗದ ಹಾಗೆ ನೋಡಿಕೊಳ್ಳಿ, ಅಲ್ಲಿ ಆಳ ಮಾಡಿದರೆ ಏರಿ ಜಾರುತ್ತದೆ. ತಳದ ಜೇಡಿ ಪದರವನ್ನು ಕಿತ್ತರೆ ಕೆರೆ ನೀರು ಹಿಡಿಯುವುದನ್ನೇ ಬಿಡುತ್ತದೆ. ಹೂಳು ತೆಗೆದು, ನೀರು ಬರುವ ಕಾಲುವೆಯನ್ನು ಬಿಡಿಸದಿದ್ದರೆ ಕೆರೆಗೆ ನೀರು ಎಲ್ಲಿಂದ ಬರಬೇಕು? ಕಾಲುವೆಯ ಕೆಲಸ ಮೊದಲು, ಹೂಳು ಆಮೇಲೆ.

ಬೋರ್‌ವೆಲ್‌ಗೆ ನೀರು ಬಿಡುವವರಿಗೆ

ಬೋರ್‌ವೆಲ್ ಸುತ್ತ ಗುಂಡಿ ತೆಗೆದು, ಜಲ್ಲಿ, ಮರಳು ಹಾಕಿ ನೀರು ಇಳಿಸುವುದು ಈಗ ಎಲ್ಲಾ ಕಡೆ ನಡೆಯುತ್ತಿದೆ. ಮನೆಯ ಮಾಡಿನ ನೀರನ್ನು ಸೋಸಿ ಬಿಡುವುದಾದರೆ ಸರಿ. 1000 ಚದರ ಅಡಿಯ ಮಾಡಿನ ಮೇಲೆ 10 ಮಿಲಿಮೀಟರ್ ಮಳೆಗೆ 900 ಲೀಟರ್ ಬೀಳುತ್ತದೆ. ಮೊದಲ ಒಂದೆರಡು ಮಳೆ ಹೊರಗೆ ಹೋಗಲಿ, ಮಾಡಿನ ಮೇಲಿನ ಹೊಲಸು ತೊಳೆದು ಹೋಗುತ್ತದೆ.

ಆದರೆ ಅಡಿಕೆ ತೋಟದಿಂದ ಹರಿದು ಬರುವ ನೀರನ್ನು ಬೋರ್‌ವೆಲ್‌ಗೆ ಯಾವ ಕಾರಣಕ್ಕೂ ಬಿಡಬೇಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ, ಅದು ಮೈಲುತುತ್ತ, ಸುಣ್ಣದ ದ್ರಾವಣ. ಜೊತೆಗೆ ಗೊಬ್ಬರ, ಕಳೆನಾಶಕ. ಇಂಗುಗುಂಡಿಯಲ್ಲಾದರೆ ಮಣ್ಣಿನ ಹತ್ತಾರು ಅಡಿ ಪದರ ಸೋಸುತ್ತದೆ. ಬೋರ್‌ವೆಲ್ ಅಂದರೆ ನೇರ ಕೊಳವೆ, ಹಾಕಿದ್ದು ಹಾಗೇ ಒಳಗೆ ಹೋಗಿ ನಾವು, ಪಕ್ಕದವರು ಕುಡಿಯುವ ನೀರಿಗೆ ಸೇರುತ್ತದೆ.

ಫಲ ಬಂತೋ ಇಲ್ಲವೋ ನೋಡುವುದು

ಒಂದು ನೈಲಾನ್ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಬಾವಿಯ ಹತ್ತಿರ ಇಡಿ. ತಿಂಗಳ 1 ಮತ್ತು 15ನೇ ತಾರೀಕು, ಬೆಳಿಗ್ಗೆ ಪಂಪ್ ಹಾಕುವ ಮೊದಲು ಇಳಿಬಿಟ್ಟು, ತಳದಿಂದ ಎಷ್ಟು ಗಂಟು ಒದ್ದೆಯಾಯಿತು ಅಂತ ಕ್ಯಾಲೆಂಡರ್ ಮೇಲೆ ಬರೆಯಿರಿ. ಅದೇ ಚೌಕದಲ್ಲಿ ಅವತ್ತಿನವರೆಗೆ ಬಿದ್ದ ಮಳೆಯನ್ನೂ ಬರೆಯಿರಿ, ಮಳೆ ಜಾಸ್ತಿ ಬಂದ ವರ್ಷದ ಏರಿಕೆಯನ್ನು ಗುಂಡಿಯ ಫಲ ಅಂತ ತಪ್ಪು ತಿಳಿಯಬಾರದು. ನಮ್ಮಲ್ಲಿ ಮೊದಲ ವರ್ಷ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡನೇ ವರ್ಷ ಏಪ್ರಿಲ್ 15ಕ್ಕೆ ಎರಡು ಗಂಟು ಜಾಸ್ತಿ ಒದ್ದೆಯಾಗಿತ್ತು, ಪಂಪು ಇಪ್ಪತ್ತು ನಿಮಿಷದ ಬದಲು ಮುಕ್ಕಾಲು ಗಂಟೆ ಓಡಿತು. ಹಳೆ ಕ್ಯಾಲೆಂಡರ್‌ಗಳನ್ನು ಎಸೆಯಬೇಡಿ, ಅಡುಗೆಮನೆ ಬಾಗಿಲ ಹಿಂದೆ ಒಂದೇ ಮೊಳೆಗೆ ನೇತುಹಾಕಿ.